ಮಾರೆಣ್ಣ ಮೇಷ್ಟ್ರ ಹಾಡಿನ ಪೆಟ್ಟಿಗೆ

ಕುರುಗೋಡಿನ ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುವ ಚನ್ನಬಸವರಾಜನಿಗೆ ಡಾಕ್ಟರೇಟ್ ಇಲ್ಲದೆ ನೌಕರಿ ಕಾಯಂ ಆಗುವಂತಿರಲಿಲ್ಲ. ಆರಿಸಿಕೊಂಡ ವಿಷಯ ಸಿರಿಗೇರಿ ಕಡೆಯ ಭತ್ತದ ನಾಟಿ ಹಾಡುಗಳು. ಮೊದಲ ದಿನವೇ ಅಲ್ಲಿನ ಕೆಸರು, ಬೆವರು, ಮುದುಕಿಯರ ಎಲೆಅಡಿಕೆ ಉಗುಳು ಕಂಡು ವಾಕರಿಕೆ ಬಂದು ವಾಪಸ್ ಬಸ್ಸು ಹತ್ತಿದ್ದ. ಅದೇ ಹಾಡುಗಳನ್ನು ಬಳ್ಳಾರಿಯ ಪಾರ್ವತಿನಗರದ ನಿವೃತ್ತ ಮೇಷ್ಟ್ರು ಮಾರೆಣ್ಣ ಮೂವತ್ತು ವರ್ಷ ಗದ್ದೆಯ ಬದುವಿನಲ್ಲಿ ಕೂತು ರೆಕಾರ್ಡ್ ಮಾಡಿಟ್ಟಿದ್ದರು. ಮಂಗನ ಕೈಯಲ್ಲಿ ಮಾಣಿಕ್ಯ, ಅಂದುಕೊಂಡ.

ಉಪಕಾರ ಮಾಡುವವನಂತೆ ಅವರ ಮನೆಗೆ ಹೋದ. ಹೊಟ್ಟೆ ಸರಿಯಿಲ್ಲವೆಂದು ಅವರ ಚಹಾ ಮುಟ್ಟಲಿಲ್ಲ. ಹಾಡು ಕಿವಿಗೆ ಬೀಳದಂತೆ ಸ್ಪೀಕರಿನ ದನಿ ಪೂರ್ತಿ ಅಡಗಿಸಿ, ಕ್ಯಾಸೆಟ್ಟುಗಳನ್ನೆಲ್ಲ ಅವರ ಕಂಪ್ಯೂಟರಿಗೆ ಇಳಿಸಿದ. ಆ ಕಸ ಇನ್ಯಾಕೆಂದು ಅವರ ಕೈಯಿಂದಲೇ ಗುಜರಿಗೆ ಹಾಕಿಸಿದ. ಹಾಡುಗಳನ್ನೂ ಮೇಷ್ಟ್ರು ಟೈಪ್ ಮಾಡಿದ್ದ ಸಾಹಿತ್ಯವನ್ನೂ ಅಲ್ಲಿಂದ ತೆಗೆದು ಇಡಲು ಅವರ ಮನೆಯಲ್ಲೇ ಸರ್ವರ್ ಎಂಬ ಸಣ್ಣ ಪೆಟ್ಟಿಗೆ ಕೂಡಿಸಿದ. ಎರಡು ಡಿಸ್ಕ್, ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತದೆ ಎಂದ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅಳಿಯುತ್ತದೆ ಎಂದು ಹೇಳಲಿಲ್ಲ. ಇಂಟರ್ನೆಟ್ಟಿನಲ್ಲಿ ಹೊರಗಿನಿಂದ ಅದನ್ನು ತೆರೆಯಲು ಭದ್ರವಾದ ದಾರಿ ಮಾಡಿ, ಒಂದು ಕೀಲಿಯನ್ನು ಮೇಷ್ಟ್ರ ಫೋನಿಗೆ ಹಾಕಿದ, ಇನ್ನೊಂದನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡ.

ಒಂದು ಭಾನುವಾರ ಮಧ್ಯಾಹ್ನ ಸಿರುಗುಪ್ಪದ ಲಾಡ್ಜಿನಲ್ಲಿ ಕೂತು ನಾನೂರು ಹಾಡುಗಳನ್ನೂ ಅವುಗಳ ಸಾಹಿತ್ಯವನ್ನೂ ಇಳಿಸಿಕೊಂಡ. ತಾನೇ ರೆಕಾರ್ಡ್ ಮಾಡಿದಂತೆ ಕಾಣಲೆಂದು ಫೈಲುಗಳ ತಾರೀಖು ಬದಲಿಸಿದ. ಆಮೇಲೆ ಪೆಟ್ಟಿಗೆಯನ್ನು ಪೂರ್ತಿ ಗುಡಿಸಿ, ತಾನು ಬಂದುಹೋದ ಗುರುತನ್ನೂ ಅಳಿಸಿದ. ಕರೆಂಟು ಏರಿಳಿದು ಎರಡೂ ಡಿಸ್ಕ್ ಸುಟ್ಟಿವೆ ಎಂದಾಗ ಮೇಷ್ಟ್ರು ನಂಬಿದರು.

“ನಿಮ್ದೇನ್ ತಪ್ಪೈತ್ರಿ ಸರ್,” ಎಂದರು ಫೋನಿನಲ್ಲಿ. “ಹಾಡಿದೋರು ಒಬ್ರೂ ಉಳಿದಿಲ್ಲ. ಅದಕ್ಕ ತಡ್ಕಳಾಕ ಆಗವಲ್ದು.”

ಸಾಕ್ಷಿಗಳೂ ಇಲ್ಲವೆಂದು ಅವನಿಗೆ ನಿರಾಳವಾಯಿತು. ಮುದುಕ ಮೂಗು ಸೀಟಿದ ಸದ್ದಿಗೆ ಅಸಹ್ಯಪಟ್ಟು ಫೋನನ್ನು ಕಿವಿಯಿಂದ ದೂರ ಹಿಡಿದ. ಬಿಡಿಗಾಸಿನ ಈ ಮೇಷ್ಟ್ರು ನಾಳೆ ತನ್ನ ಪ್ರಬಂಧ ನೋಡಿ ಕೂಗಾಡಿದರೂ ಯಾರು ನಂಬುತ್ತಾರೆ?

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕಿ ಸುಧಾರಾಣಿ ಯಾವುದಾದರೂ ಒಂದು ಹಾಡು ಕೇಳಿಸಿ ಎಂದರು. ಸಿರಿಗೇರಿಯ ಊರಮ್ಮನೆಂಬ ಹೆಂಗಸು ಹಾಡಿದ್ದನ್ನು ಹಾಕಿ, ಪ್ರಬಂಧದಲ್ಲಿದ್ದ ಆ ಹಾಡಿನ ಸಾಲುಗಳ ಮೇಲೆ ಬೆರಳಾಡಿಸುತ್ತ ಕೂತ. ಸಾಲುಗಳು ಮುಗಿದರೂ ಹಾಡು ಮುಗಿಯಲಿಲ್ಲ. ಹಾಡಿಸಿಕೊಂಡವರನ್ನು ಹೆಸರು ಹಿಡಿದು ಹರಸದೆ ಆ ಕಡೆಯ ಹೆಂಗಸರು ಹಾಡು ನಿಲ್ಲಿಸುವುದಿಲ್ಲ. ತಮ್ಮ ಹೆಸರೆಂಬ ಸಂಕೋಚಕ್ಕೆ ಮೇಷ್ಟ್ರು ಆ ಸಾಲನ್ನು ಎಲ್ಲೂ ಬರೆದಿರಲಿಲ್ಲ. “ಬಳ್ಳಾರಿಂದ ಬಂದಾನ, ಬದುವಿನ ಮ್ಯಾಲೆ ಕುಂತಾನ, ಮಾರೆಣ್ಣ ಮೇಷ್ಟ್ರು ನೂರು ವರ್ಸ ಬಾಳಲಿ,” ಎಂದು ಊರಮ್ಮ ಹಾಡಿದಳು. ಸುಧಾರಾಣಿ ಇನ್ನೊಂದು ಹಾಡಿನ ಕೊನೆ ಹಾಕಿಸಿದರು, ಆಮೇಲೆ ಮತ್ತೊಂದರದು. ಎಲ್ಲದರಲ್ಲೂ ಅದೇ ಹೆಸರಿತ್ತು.