ಪೆನ್ಸಿಲಿನಲ್ಲಿ ತಿದ್ದಿದ ಕುದುರೆ

೨೦೦೫ರ ಜೂನ್ ೧೧, ಶನಿವಾರ, ಬೆಳಿಗ್ಗೆ ೧೧.೨೦. ಸುಲ್ತಾನ್ ಬಜಾರಿನ ಗಲ್ಲಿಯೊಂದರಲ್ಲಿ ಖಾಸಗಿ ವಾಚನಾಲಯ ನಡೆಸುವ ನಿವೃತ್ತ ಶಿಕ್ಷಕಿ ಗುರುದೇವಿ ಠಾಣೆಗೆ ಬಂದು ಕನ್ನಡದಲ್ಲೇ ದೂರು ಬರೆದುಕೊಟ್ಟರು. ಚೀನೀ ಚದುರಂಗ ಕಲಿಸುವ ಇಂಗ್ಲಿಷ್ ಪುಸ್ತಕವೊಂದು ಹಿಂದಿನ ದಿನ ಕಳುವಾಗಿತ್ತು. ಕಾನ್‌ಸ್ಟೇಬಲ್ ಚನ್ನು ಮೀಸೆಯಡಿ ನಕ್ಕ. ಊರೆಲ್ಲ ಕಂಪ್ಯೂಟರು ಕಳುವಾಗುವ ಕಾಲದಲ್ಲಿ ಇದೂ ಒಂದು ಕೇಸೇ? ಇನ್‌ಸ್ಪೆಕ್ಟರ್ ಅಮರಯ್ಯ ನಗಲಿಲ್ಲ. ಗಡಿಯ ನಾರಾಯಣಪೇಟೆ ಕಡೆಯ ಕನ್ನಡಿಗರಾದ ಅವರಿಗೆ ಈ ತೆಲುಗು ಊರಿನ ಠಾಣೆಯಲ್ಲಿ ದೂರುದಾರರ ಬಾಯಲ್ಲಿ ಕನ್ನಡ ಕೇಳಿಯೇ ಎಷ್ಟೋ ತಿಂಗಳಾಗಿತ್ತು. ಕಟ್ಟಡದೊಳಗಿನ ಕಳವಿಗೆ ಹಾಕುವ ಕಲಂ ೩೮೦ರಡಿ ಎಫ್‌ಐಆರ್ ದಾಖಲಿಸಿದರು.

ಸ್ಥಳ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಅದೇ ಆಟದ ಇನ್ನೂ ಮೂರು ಪುಸ್ತಕಗಳು ಕಪಾಟಿನಲ್ಲೇ ಇದ್ದವು.

"ಕಳ್ಳ ಇವನ್ನ ಯಾಕ ಬಿಟ್ಟಾನ್ರಿ?" ಅಮರಯ್ಯ ಕೇಳಿದರು.

"ಇವು ತಪ್ಪು ಕಲಸ್ತಾವ್ರಿ. ಚೀನೀ ಆಟದಾಗ ಕುದುರಿ ಮುಂದ ಕಾಯಿ ಇದ್ರ ಅದು ಹಾರಂಗಿಲ್ಲ. ಇವ್ರು ನಮ್ಮ ಕುದುರಿ ಹಂಗ ಹಾರತೈತಿ ಅಂತ ಬರದಾರ. ನಂಬೂದಾದ್ರ ಅದೊಂದನ್ನ ನಂಬಬೇಕು," ಎಂದರು ಗುರುದೇವಿ.

ಭಾನುವಾರ ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಮಾರುವ ಬೂದೆಪ್ಪನನ್ನು, ಚೀನೀ ಚದುರಂಗದ ಪುಸ್ತಕ ಯಾರು ಹುಡುಕುತ್ತಾರೆಂದು ಚನ್ನು ವಿಚಾರಿಸಿದ.

"ಸಾಬಣ್ಣನ್ನ ಕೇಳಾಕತ್ತೀರಿ. ಮಾದಾಪುರದಾಗ ಲಿಫ್ಟ್ ನಡಸ್ತಾನ. ವಾರವಾರ ಬರ್ತಾನ್ರಿ. ಇಂಥಾ ಪುಸ್ತಕ ಸಿಕ್ರ ಸೀದಾ ಕುದುರಿ ಪುಟ ತಗದು ನೋಡ್ತಾನ, ತಪ್ಪಿದ್ರ ಇಟ್ಟು ಹೋಗ್ತಾನ."

"ಇವತ್ತ ಬಂದಿದ್ನೇನು?"

"ಮುಂಜಾನಿ ಬಂದಿದ್ದ. ಕೈಯಾಗ ಪುಸ್ತಕ ಇತ್ತು."

"ಮಾರಾಕ?"

"ಅಲ್ರಿ. ಇದರಾಗ ಪೆನ್ಸಿಲ್‌ಲೆ ಬರದವರು ಯಾರು, ಗೊತ್ತೇನು ಅಂತ ಕೇಳಿದ."

ಸೋಮವಾರ ಬೆಳಿಗ್ಗೆ ೯.೧೫ಕ್ಕೆ ಮಾದಾಪುರದ ಆಫೀಸು ಕಟ್ಟಡದಲ್ಲಿ ಸಾಬಣ್ಣ ಸಿಕ್ಕ. ಲಿಫ್ಟಿನೊಳಗಿದ್ದವರನ್ನು ಏಳನೇ ಮಹಡಿಗೆ ಬಿಟ್ಟು ಬರುತ್ತೇನೆಂದ. ಬಿಟ್ಟು ಬಂದ. ಅವನ ಕೋಣೆಯಲ್ಲಿ ಒಂದು ಮಂಚ, ರಟ್ಟಿನ ಮೇಲೆ ಗೆರೆ ಎಳೆದ ಆಟದ ಮನೆ, ಕಾಯಿಗಳಾಗಿ ಸೋಡಾ ಬಾಟಲಿಯ ಮುಚ್ಚಳಗಳು. ದಿಂಬಿನಡಿ ಪುಸ್ತಕ.

"ಯಾರು ಕಲಿಸಿದ್ರು?" ಅಮರಯ್ಯ ಕೇಳಿದರು.

"ಸಿಂಗಪುರದ ಇಂಜಿನಿಯರ್ ಸಾಹೇಬ್ರು. ಊಟದ ಹೊತ್ತಿಗೆ ನನ್ನ ಜೋಡಿ ಆಡ್ತಿದ್ರು. ಕೆಲಸ ಮುಗೀತು, ಹೋದ್ರು. ಎರಡು ವರ್ಷ ಆತ್ರಿ."

"ವಾಚನಾಲಯದಾಗ ಕುಂತು ಓದಬೇಕಿತ್ತು."

"ಓದಿ ಬಾಯಿಪಾಠ ಆಗೇತ್ರಿ. ತಿದ್ದಿದವರು ಬೇಕಾಗಿದ್ರು. ಕನ್ನಡದಾಗ ತಿದ್ಯಾರ. ಅವರಿಗೆ ಆಟ ಬರತೈತಿ. ವಾಚನಾಲಯದ ಬಾಯಾರನ್ನ ಕೇಳಿದೆ, ಗೊತ್ತಿಲ್ಲ ಅಂದ್ರು. ಅಕ್ಷರ ತೋರಿಸಿ ಬ್ಯಾರೆಯವರನ್ನ ಕೇಳಾಕ ಪುಸ್ತಕ ಒಯ್ದೆ."

ಸಂಜೆ ೪ಕ್ಕೆ ಸಿಕ್ಕ ಮಾಲು ಗುರುತಿಸಲು ಗುರುದೇವಿ ಠಾಣೆಗೆ ಬಂದರು. ಅಮರಯ್ಯ ಕುದುರೆಯ ಪುಟ ತೆರೆದರು. ಇದರ ಅಚ್ಚಿನಲ್ಲೂ ಕುದುರೆ ಹಾರುತ್ತಿತ್ತು. ಆ ಸಾಲನ್ನು ಹೊಡೆದುಹಾಕಿ ಅಂಚಿನಲ್ಲಿ ಕನ್ನಡದಲ್ಲಿ ಸರಿಯಾದದ್ದನ್ನು ಬರೆಯಲಾಗಿತ್ತು. ದೂರಿನಲ್ಲಿದ್ದ ಅದೇ ದುಂಡು ಅಕ್ಷರ.

"ನಿಮ್ಮ ಕೈಬರಹ ಅಲ್ರಿ ಇದು?"

ಗುರುದೇವಿ ನಾಚಿಕೆಯಿಂದ ತಲೆ ತಗ್ಗಿಸಿದರು. "ಪುಸ್ತಕದಾಗ ಗೀಚಬ್ಯಾಡ್ರಿ ಅಂತ ಬೋರ್ಡ್ ಹಾಕಿದಾಕಿ ನಾನ. ಇವ ಬಂದು ಕೇಳಿದಾಗ, ತಕರಾರು ತಂದಾನ ಅಂತ ತಿಳದು ಗೊತ್ತಿಲ್ಲ ಅಂದುಬಿಟ್ಟೆ."

ಮೂಲೆಯಲ್ಲಿ ಕುಕ್ಕರಿಸಿದ್ದ ಸಾಬಣ್ಣ ಎದ್ದು ನಿಂತ. "ಬಾಯಾರ, ನೀವು ಯಾರ ಜೋಡಿ ಆಡ್ತೀರಿ?"

"ಯಾರದಾರಪ್ಪ? ಎರಡೂ ಕಡಿ ನಾನ ಆಡ್ತೀನಿ."

ದೂರು ವಾಪಸ್ ತೆಗೆದುಕೊಳ್ಳುತ್ತೇನೆಂದರು ಗುರುದೇವಿ. ಎಫ್‌ಐಆರ್ ಆಗಿದೆ, ಇನ್ನು ಕೋರ್ಟಿನಲ್ಲೇ ಕೇಳಬೇಕು ಎಂದರು ಅಮರಯ್ಯ. ೫.೧೦ಕ್ಕೆ ಇಬ್ಬರು ಪೇದೆಗಳು ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಕರೆದೊಯ್ದರು. ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಬರೆಯುವಲ್ಲಿ ಅಮರಯ್ಯ 'ಜೊತೆಗೆ ಆಡುವವರು ಇರಲಿಲ್ಲ' ಎಂದು ಬರೆದರು.

ಗುರುದೇವಿ ಬೆಂಚಿನಿಂದ ಎದ್ದಿರಲಿಲ್ಲ.

"ಜೈಲಿನಾಗ ಭೇಟಿಗೆ ಯಾವ ದಿನ ಬಿಡ್ತಾರ್ರಿ?" ಎಂದು ಚನ್ನುವನ್ನು ಕೇಳಿದರು.