ಪಟದ ಹಿಂದಿನ ಲಕೋಟೆ

ಲಕೋಟೆ ಇರಲಿಲ್ಲ.

ಗಿರಿಜಮ್ಮ ವೆಂಕಟರಮಣನ ಪಟವನ್ನು ಇನ್ನೊಮ್ಮೆ ಸರಿಸಿ ನೋಡಿದರು. ಬರಿ ಗೋಡೆ. ಬೆಳಿಗ್ಗೆ ಪೂಜೆಯ ಹೊತ್ತಿಗೆ ಇಲ್ಲೇ ಇತ್ತಲ್ಲ!

"ಹೋಯ್ತು ಕಣೇ—" ಗಂಡ ತಿಮ್ಮಪ್ಪ ದೇವರ ಮನೆಯ ಹೊಸ್ತಿಲ ಬಳಿಯೇ ಕುಸಿದು ಕೂತರು. "ನಾಳೆ ವಿಚಾರಣೆ. ಯಾವ ಮುಖ ಹೊತ್ಕೊಂಡು ಹೋಗ್ಲಿ?"

ಕಾರ್ಪೊರೇಷನ್ ಚುನಾವಣೆಯಲ್ಲಿ ಗೆದ್ದವನು ಮಿತಿ ಮೀರಿ ಖರ್ಚು ಮಾಡಿದ್ದಾನೆಂದು ದೂರು ಕೊಟ್ಟವರು ಅವರೇ. ಸ್ಯಾಟಲೈಟ್ ಬಡಾವಣೆಯಲ್ಲಿದ್ದ ಅವರ ವಸತಿ ಸೊಸೈಟಿಯ ಹಿಂದಿನ ಮೈದಾನದಲ್ಲಿ ಮೂರು ಸಂಜೆ ಸಾವಿರಾರು ಜನಕ್ಕೆ ಪೂರಿ-ಶಾಕ್, ಅಂದರೆ ಪೂರಿ-ಪಲ್ಯದ ಊಟ ನಡೆದಿತ್ತು. ಮೂರನ್ನೂ ತಿಮ್ಮಪ್ಪ ಟೆರೇಸಿನಿಂದ ಫೋಟೋ ಹಿಡಿದಿದ್ದರು. ಫೋಟೋ, ನೆಗೆಟಿವ್ ಎಲ್ಲವೂ ಆ ಲಕೋಟೆಯಲ್ಲೇ. ಸೋತ ಶೇಷಾದ್ರಿ ಅವರ ಪಾಲಿಗೆ ಅಪರಂಜಿ. ಆ ಗುಜರಾತಿ ಊರಿನಲ್ಲಿದ್ದ ನಲವತ್ತು ಕನ್ನಡದ ಮನೆಗಳಿಗೆ ಅವನನ್ನು ಕೈಹಿಡಿದು ಕರೆದೊಯ್ದು ಓಟು ಕೇಳಿದ್ದರು.

ಬೀಗ ಮುರಿದಿರಲಿಲ್ಲ. ದಂಪತಿಗಳು ಬ್ಯಾಂಕಿಗೆ ಹೋಗುವಾಗ ಕೀಲಿಯನ್ನು ಪಕ್ಕದ ಮನೆಯ ಹೇಮಲತಾಬೆನ್ ಬಳಿ ಬಿಟ್ಟಿದ್ದರು. ಆಕೆ ಹೇಳಿದಂತೆ ಅದನ್ನು ಇಸಿದುಕೊಂಡವರು ಮೂವರು— ಮೀಟರ್ ನೋಡಲು ಸೊಸೈಟಿಯ ಸೆಕ್ರೆಟರಿ ಕಿಶೋರ್, ಊಟದ ಡಬ್ಬಿಗೆ ಬಾಡಿಗೆಯ ವಿದ್ಯಾರ್ಥಿ ಆಕಾಶ್, ವಿಚಾರಣೆಯ ಕಾಗದ ಇಟ್ಟುಹೋಗಲು ಶೇಷಾದ್ರಿ. ಪಟದ ಹಿಂದೆ ಕಾಗದ ಇಡುವ ಅವರ ರೂಢಿ ಮೂವರಿಗೂ ಗೊತ್ತಿತ್ತು.

"ಕಿಶೋರನೇ! ಗೆದ್ದವನ ಬಾಲ ಅವನು," ಎಂದರು ತಿಮ್ಮಪ್ಪ.

"ತಡೀರಿ ಅಂದ್ರೆ," ಎಂದು ಗಿರಿಜಮ್ಮ ಶೇಷಾದ್ರಿಗೆ ಫೋನ್ ಮಾಡಿ ಕರೆಸಿದರು.

ಅವನು ಬಂದವನೇ ಗುಡುಗಿದ. "ಪೊಲೀಸ್ ಕಂಪ್ಲೇಂಟ್ ಕೊಡೋಣ ಸಾರ್! ಕಿಶೋರನ್ನ ಬಿಡಬಾರದು."

"ಕಿಶೋರನ ಷೂ ಗುರುತು ಮೀಟರ್ ತನಕ ಹೋಗಿ ಹಾಗೇ ವಾಪಸ್ ಬಂದಿದೆಯಪ್ಪ," ಎಂದರು ಗಿರಿಜಮ್ಮ.

"ಹಾಗಾದ್ರೆ ಆ ಹುಡುಗ?"

"ಆಕಾಶ ಈ ಗುಜರಾತಿ ಸೀಮೇಲೇ ಹುಟ್ಟಿ ಬೆಳೆದೋನು, ನಮ್ಮ ಪದ್ಧತಿ ಗೊತ್ತಿಲ್ಲ. ಪ್ರಸಾದಕ್ಕೂ ಕಾಲು ತೊಳೀದೆ ನುಗ್ಗಿ ನನ್ನ ಹತ್ರ ಬೈಸ್ಕೋತಾನೆ."

"ಅದಕ್ಕೂ ಇದಕ್ಕೂ ಏನಮ್ಮ ಸಂಬಂಧ?"

"ನಾನು ಬಂದು ಕಾಲು ತೊಳೆಯೋಕೆ ಮುಂಚೇನೇ ದೇವರ ಮನೆ ಮುಂದಿನ ಕಾಲೊರಸು ಒದ್ದೆಯಾಗಿತ್ತು. ಬಚ್ಚಲಲ್ಲಿ ನಾನು ಬೋರಲು ಹಾಕಿದ್ದ ಚೊಂಬು ನೆಟ್ಟಗೆ ನಿಂತಿತ್ತು."

ತಿಮ್ಮಪ್ಪ ತಲೆ ಎತ್ತಿದರು. "ಕದಿಯೋಕೆ ಬಂದೋನು ಕಾಲು ತೊಳೀತಾನೇನೇ?"

"ದೇವರಿಗೆ ಹೆದರೋನು ತೊಳೀತಾನೆ." ಗಿರಿಜಮ್ಮ ಶೇಷಾದ್ರಿಯ ಮುಖದಿಂದ ಕಣ್ಣು ಕೀಳಲಿಲ್ಲ. "ಈ ಮನೇಲಿ ನಮ್ಮಿಬ್ಬರನ್ನ ಬಿಟ್ಟರೆ ಆ ಅಭ್ಯಾಸ ನಿನಗೊಬ್ಬನಿಗೇ. ಯಾಕಪ್ಪ ತಗೊಂಡೆ?"

ಶೇಷಾದ್ರಿ ಕುರ್ಚಿಯ ತುದಿಗೆ ಕೂತ.

"ಮೂರು ಸಂಜೇಲಿ ನಡುವಿನ ಊಟ ನಾನು ಹಾಕ್ಸಿದ್ದು, ಅಮ್ಮ. ಫೋಟೋದಲ್ಲಿ ಬಡಿಸ್ತಾ ಇರೋನು ನನ್ನ ತಮ್ಮ. ಎಲ್ಲಾ ಸುಟ್ಟುಬಿಟ್ಟೆ." ತಿಮ್ಮಪ್ಪನ ಕಡೆ ನೋಡದೆಯೇ ಹೇಳಿದ. "ಬರೀ ನಲವತ್ತು ಮನೆ ನಂಬ್ಕೊಂಡ್ರೆ ವಾರ್ಡ್ ಗೆಲ್ಲೋಕಾಗುತ್ತಾ ಸಾರ್?"

ತಿಮ್ಮಪ್ಪ ಹೊಸ್ತಿಲಿಂದ ಎದ್ದು ಬಂದರು. ಆಮೇಲೆ, ಸಾಲ ಕೇಳುವವರಂತೆ ಮೆಲ್ಲಗೆ, "ನಾಳೆ ನೀನೇ ಬಂದು ಹೇಳ್ತೀಯಾ? ಗೆದ್ದವನದೂ, ನಿನ್ನದೂ?" ಎಂದರು.

ಶೇಷಾದ್ರಿ ನೆಲ ನೋಡಿದ.

"ಮುಂದಿನ ಸಲವೂ ನಿಲ್ಲಬೇಕಲ್ಲ, ಸಾರ್."