ಅಸಲು ಹುಟ್ಟುವ ತನಕ

ಮೊದಲು ಬಂದ ಸೋಲಾರ್ ಕಂಪನಿಯವನನ್ನು ಗೇಟಿನಾಚೆ ಅಟ್ಟಿದ ಅನನ್ಯಳ ಸಿಟ್ಟು ಇನ್ನೂ ಇಳಿದಿರಲಿಲ್ಲ, ಅಷ್ಟರಲ್ಲಿ ಎರಡನೆಯವನು ಬಂದು ಬೆಲ್ ಒತ್ತಿದ. ಪಾಪ, ಅವನಿಗೇನು ಗೊತ್ತು! ಕೈಯಲ್ಲಿ ಅಳತೆ ಟೇಪು, ಹೆಲ್ಮೆಟ್ಟಿಗೆ ಸಿಕ್ಕಿ ಚಪ್ಪಟೆಯಾದ ಕೂದಲು, ಮುಖದ ತುಂಬ ನಗು.

"ನೀವೂ ಅದೇ ಪ್ರಶ್ನೆ ಕೇಳೋದಾದ್ರೆ ಈಗಲೇ ಹೊರಡಿ."

"ಯಾವ ಪ್ರಶ್ನೆ ಮೇಡಂ? ನಾನಿನ್ನೂ ಚಪ್ಪಲೀನೇ ಬಿಟ್ಟಿಲ್ಲ."

ಅವಳು ನಗಬಾರದೆಂದು ತುಟಿ ಕಚ್ಚಿಕೊಂಡಳು. ಕಳ್ಳ, ಅದನ್ನೂ ನೋಡಿಬಿಟ್ಟ.

ಹೆಸರು ನಿಶಾಂತ್, ಕುಂಬಾರಕೊಪ್ಪಲಿನವನು. ಜಯಲಕ್ಷ್ಮಿಪುರಂನ ಆ ಮನೆಯ ಹಾಲ್‌ನಲ್ಲಿ ಅನನ್ಯಳ ತಾಯಿ ಚಂದ್ರಮತಿ ಮೂಗಿಗೆ ಸಣ್ಣ ಪೈಪು ಸಿಕ್ಕಿಸಿಕೊಂಡು ಕೂತಿದ್ದರು. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ. ಪಕ್ಕದಲ್ಲೇ ಆಕ್ಸಿಜನ್ ಮಷೀನು ಹಗಲೂ ರಾತ್ರಿ ಗುರ್ ಅನ್ನುತ್ತಿತ್ತು. ಆ ಮಷೀನಿನ ದೆಸೆಯಿಂದ ಕರೆಂಟ್ ಬಿಲ್ಲು ಏರಿ ಕೂತಿತ್ತು, ಅದಕ್ಕೇ ಈ ಸೋಲಾರ್ ಯೋಚನೆ.

ತಾರಸಿಯ ಮೇಲೆ ಟೇಪಿನ ಇನ್ನೊಂದು ತುದಿ ಹಿಡಿದುಕೊಂಡೇ ಅವಳು ಹೇಳಿದಳು. "ಆ ಮನುಷ್ಯ ಏನು ಕೇಳ್ದ ಗೊತ್ತಾ? ಪೇಶೆಂಟು ಇನ್ನೆಷ್ಟು ದಿನ ಇರ್ತಾರೆ ಮೇಡಂ, ಆಮೇಲೆ ನಿಮಗೆ ಒಂದು ಕಿಲೋವ್ಯಾಟ್ ಪ್ಯಾನೆಲ್ಲೇ ಜಾಸ್ತಿ ಆಗುತ್ತಲ್ಲ, ಅಂತ. ಅಮ್ಮನ ಎದುರಿಗೇ."

ನಿಶಾಂತ್ ಮೆಲ್ಲಗೆ ಕೇಳಿದ. "ಡಾಕ್ಟರ್ ಏನಂದ್ರು?"

"ಒಂದು ವರ್ಷ ಸಿಕ್ಕಿದ್ರೆ ಪುಣ್ಯ ಅಂದ್ರು."

ಅವನು ಅಳತೆ ಮುಗಿಸಿ ಕೆಳಗಿಳಿದು ಬಂದಾಗ ಚಂದ್ರಮತಿಯೇ ಶುರು ಮಾಡಿದರು. "ಏನಪ್ಪಾ, ಹಾಕಿದ ಅಸಲು ಹುಟ್ಟೋಕೆ ಎಷ್ಟು ವರ್ಷ ಬೇಕು?"

ನಿಶಾಂತ್ ಒಮ್ಮೆ ಅನನ್ಯಳ ಮುಖ ನೋಡಿದ. ನಂತರ ಸ್ಟೂಲ್ ಎಳೆದುಕೊಂಡು ಅವರ ಹತ್ತಿರವೇ ಕೂತ. "ಮೂರು ಕಿಲೋವ್ಯಾಟ್ ಹಾಕೋಣಮ್ಮ. ಸಬ್ಸಿಡಿ ಕಳೆದು ಒಂದು ಲಕ್ಷದ ಇಪ್ಪತ್ತು ಸಾವಿರ ಬೀಳುತ್ತೆ. ತಿಂಗಳಿಗೆ ಎರಡು ಸಾವಿರ ಬಿಲ್ಲು ಉಳಿಯುತ್ತೆ. ಐದು ವರ್ಷಕ್ಕೆ ಅಸಲು ಬಂದ್ಬುಡುತ್ತೆ. ಆಮೇಲಿಂದೆಲ್ಲಾ ಲಾಭ, ನೀವೇ ಕೂತು ಎಣಿಸ್ಕೊಬೇಕು."

"ಐದು ವರ್ಷ ನಾನಿರಬೇಕಲ್ಲಪ್ಪಾ!"

"ಇರ್ದೆ ಎಲ್ಲಿಗೆ ಹೋಗ್ತೀರಾ? ಬುಡೀಮ್ಮ, ಬಿಸಿಲು ಬಿಟ್ಟಿ ಬರ್ತಾ ಇರುವಾಗ ಯಾರಾದ್ರೂ ಎದ್ದು ಹೋಗ್ತಾರಾ?"

ಚಂದ್ರಮತಿ ನಕ್ಕರು. ನಕ್ಕು ಕೆಮ್ಮಿದರು, ಕೆಮ್ಮಿ ಸುಧಾರಿಸಿಕೊಂಡು ಮತ್ತೆ ನಕ್ಕರು. ಆ ಮನೆಯಲ್ಲಿ ನಗು ಕೇಳಿ ಎಷ್ಟು ದಿನವಾಗಿತ್ತೋ! ಅನನ್ಯ ಅಡುಗೆಮನೆಗೆ ಓಡಿಹೋಗಿ ದುಪಟ್ಟದ ತುದಿಯಲ್ಲಿ ಕಣ್ಣೊರೆಸಿಕೊಂಡಳು.

ಪ್ಯಾನೆಲ್ ಬಂದವು. ಅವುಗಳ ಹಿಂದೆಯೇ ಪ್ರತಿ ಭಾನುವಾರ ನಿಶಾಂತ್ ಬರತೊಡಗಿದ, ಬಕೆಟ್ಟು ಬಟ್ಟೆ ಹಿಡಿದುಕೊಂಡು.

"ರಾತ್ರಿ ಮಳೆ ಬಂದು ತೊಳೆದುಹೋಗಿದೆಯಲ್ರೀ," ಎಂದಳು ಅನನ್ಯ ಹುಬ್ಬೇರಿಸಿ.

"ಮಳೆಗೆ ಮೂಲೆ ಒರೆಸೋಕೆ ಬರಲ್ಲ ಕಣ್ರೀ."

"ಎಲ್ಲರ ಮನೆ ಮೂಲೇನೂ ಹೀಗೇ ಒರೆಸ್ತೀರಾ?"

ಅವನು ಬಟ್ಟೆ ಹಿಂಡುತ್ತಾ ಅವಳತ್ತ ನೋಡಿದ. ನೋಡಿದವನು ಬೇಗ ಕಣ್ಣು ತೆಗೆಯಲಿಲ್ಲ. ಅನನ್ಯಳಿಗೆ ಬಿಸಿಲು ಒಮ್ಮೆಲೇ ಜಾಸ್ತಿಯಾದಂತಾಯಿತು.

ಕೆಳಗಿಳಿದು ಬಂದರೆ ಚಂದ್ರಮತಿ ಮುಖ ಗಂಭೀರ ಮಾಡಿಕೊಂಡು ಕೇಳುವರು. "ಮೂಲೆ ಚೊಕ್ಕಟ ಆಯ್ತಾಪ್ಪಾ? ಕಾಫಿ ಎರಡು ಸಲ ಬಿಸಿ ಮಾಡಿ ಆಯ್ತು."

ನೋಡಲು ಬಂದವರಿಗೆಲ್ಲ ಅವರದು ಒಂದೇ ಮಾತು: "ಅಸಲು ಹುಟ್ಟೋ ತನಕ ನಾನು ಕದಲಲ್ಲ." ಒಂದು ದೋಸೆ ಹೆಚ್ಚಿಗೆ ತಿಂದರು. ಅನನ್ಯಳೂ ನಂಬಿಬಿಟ್ಟಳು. ಆಸೆಗೇನು, ಲೆಕ್ಕ ಕೇಳುವವರಿಲ್ಲ.

ವರ್ಷ ತುಂಬಲಿಲ್ಲ. ಒಂದು ಮಧ್ಯಾಹ್ನ, ಬಿಸಿಲು ಬಿಟ್ಟಿ ಬರುತ್ತಿರುವಾಗಲೇ, ಚಂದ್ರಮತಿ ಎದ್ದು ಹೋದರು.

ಮಷೀನು ನಿಂತ ಮನೆಯಲ್ಲಿ ಗಡಿಯಾರದ ಸದ್ದೂ ಕೇಳಿಸತೊಡಗಿತು. ವೈಕುಂಠ ಸಮಾರಾಧನೆ ಮುಗಿದ ಸಂಜೆ, ಕಡಕೊಳದ ಫ್ಯಾಕ್ಟರಿಯಲ್ಲಿರುವ ಅಣ್ಣ ವಾಗೀಶ ಮೊಬೈಲಲ್ಲಿ ಲೆಕ್ಕ ಹಾಕಿದ. "ನಿನ್ನೊಬ್ಬಳಿಗೆ ಎಷ್ಟು ಕರೆಂಟ್ ಬೇಕೇ? ಇನ್ನೂರು ಯೂನಿಟ್ ಒಳಗಿದ್ರೆ ಸರ್ಕಾರವೇ ಪುಕ್ಕಟೆ ಕೊಡ್ತಿತ್ತು. ಈ ಪ್ಯಾನೆಲ್ ದುಡ್ಡು ಇನ್ನು ಏಳು ಜನ್ಮಕ್ಕೂ ಹುಟ್ಟಲ್ಲ. ಡಾಕ್ಟರ್ ಹೇಳಿದ್ದು ಗೊತ್ತಿದ್ದೂ ಐದು ವರ್ಷದ ಲೆಕ್ಕ ಹೇಳಿ ನಿಂಗೆ ಟೋಪಿ ಹಾಕಿದಾನೆ ಕಣೇ ಅವನು."

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ನಿಶಾಂತ್‌ಗೆ ಅದು ಕೇಳಿಸಿತು. ಬಿಟ್ಟ ಚಪ್ಪಲಿಯನ್ನೇ ಮೆಟ್ಟಿಕೊಂಡು ಹೊರಟುಹೋದ.

ಒಂದು ಭಾನುವಾರ ಕಳೆಯಿತು, ಇನ್ನೊಂದು ಕಳೆಯಿತು. ಅಮ್ಮ ಹೋದಳು, ಇವನೂ ಹೋದನೇ? ಪ್ಯಾನೆಲ್ ಮೇಲೆ ಧೂಳು ಕೂತಿತ್ತು. ಅದನ್ನು ಒರೆಸಲು ಅನನ್ಯಳಿಗೆ ಮನಸ್ಸಾಗಲಿಲ್ಲ.

ಮೂರನೇ ಭಾನುವಾರ ಬಂದ. ಬಕೆಟ್ಟಿರಲಿಲ್ಲ, ನಗುವೂ ಇರಲಿಲ್ಲ. ತಾರಸಿಯಲ್ಲಿ ತಲೆ ತಗ್ಗಿಸಿ ನಿಂತು ಹೇಳಿದ. "ನಿಮ್ಮಣ್ಣ ಹೇಳಿದ್ದು ಸರಿ ಕಣ್ರೀ. ನಾನು ನಿಮಗೆ ಸಣ್ಣದು ಹಾಕ್ಸಿ ಅನ್ನಬೇಕಿತ್ತು. ಜಾಸ್ತಿ ಬಿದ್ದ ದುಡ್ಡು ನಾನೇ ಕೊಡ್ತೀನಿ. ಒಂದೇ ಸಲ ಆಗಲ್ಲ, ಸ್ವಲ್ಪ ಸ್ವಲ್ಪ ಕೊಡ್ತೀನಿ. ಆಮೇಲೆ ಈ ಕಡೆ ತಲೆ ಹಾಕಲ್ಲ."

"ಯಾಕೆ ಹೇಳ್ಲಿಲ್ಲ ಅವತ್ತು?"

"ಅಮ್ಮ ನನ್ನ ಮುಖಾನೇ ನೋಡ್ತಾ ಕೂತಿದ್ರು. ಒಂದು ವರ್ಷದ ಲೆಕ್ಕ ಬಾಯಿಗೆ ಬರ್ಲಿಲ್ಲ. ವ್ಯಾಪಾರಕ್ಕೆ ಹೇಳ್ದೆ ಅಂದ್ಕೊಬೇಡಿ. ಅಷ್ಟೇ ಕೇಳ್ಕೊಳೋದು."

ಅನನ್ಯ ಅವನ ಎದುರಿಗೆ ಬಂದು ನಿಂತಳು.

"ಅಮ್ಮಂಗೆ ಎಲ್ಲಾ ಗೊತ್ತಿತ್ತು. ಕೊನೇ ವಾರ ನಂಗೆ ಹೇಳಿದಳು. 'ಡಾಕ್ಟರ್ ಅಂದಿದ್ದು ನಂಗೂ ಕೇಳಿಸ್ತು ಕಣೇ. ಅವತ್ತಿಂದ ಎಲ್ಲರೂ ನನ್ನನ್ನ ಹೋದೋಳು ಅಂತಲೇ ನೋಡಿದ್ರು. ಇರೋಳು ಅಂತ ಲೆಕ್ಕಕ್ಕೆ ತಗೊಂಡೋನು ಆ ಹುಡುಗ ಒಬ್ಬನೇ. ಅವನನ್ನ ಕಳಕೋಬೇಡ' ಅಂದಳು. ನೀವು ನೋಡಿದ್ರೆ ಲೆಕ್ಕ ಚುಕ್ತಾ ಮಾಡಿ ಹೋಗ್ತೀನಿ ಅಂತೀರಾ?"

ನಿಶಾಂತ್‌ನ ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳಲೂ ಇಲ್ಲ.

"ನಂಗೂ ಒಂದು ಸುಳ್ಳು ಹೇಳಿ, ನಿಶಾಂತ್," ಎಂದಳು ಅನನ್ಯ. "ಅಮ್ಮಂಗೆ ಹೇಳಿದ ಹಾಗೇ ಹೇಳಿ. ಈ ಸಂಕಟ ಎಷ್ಟು ವರ್ಷಕ್ಕೆ ಹೋಗುತ್ತೆ?"

ಅವನು ಐದು ವರ್ಷ ಅನ್ನಲಿಲ್ಲ.

"ಹೋಗಲ್ಲ ಕಣ್ರೀ," ಎಂದ. "ನಾನೂ ಹೋಗಲ್ಲ."

ಅಮ್ಮ ಹೋದ ಮೇಲೆ ಬಂದವರ ಮುಂದೆಲ್ಲ ಗಟ್ಟಿಯಾಗಿದ್ದ ಅನನ್ಯ ಅವನ ಭುಜಕ್ಕೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅವನು ಅವಳ ಅಳು ಮುಗಿಯುವವರೆಗೂ ಅಲ್ಲೇ ನಿಂತಿದ್ದ.